ಐವತ್ತು ದೇಶಗಳು ಒಪ್ಪಿದರೂ ಪಾಸ್‌ಪೋರ್ಟ್ ಮುದ್ರಿಸಲಾಗದ ಸರ್ಕಾರ

ಚುನಾವಣೆಯನ್ನು ಒಪ್ಪದೆ ವಿರೋಧ ಪಕ್ಷ ಹಂಗಾಮಿ ಸರ್ಕಾರ ಘೋಷಿಸಿಕೊಂಡು, ಹೊರದೇಶಗಳೂ ಅದಕ್ಕೆ ಮಾನ್ಯತೆ ಕೊಟ್ಟರೆ ಅಧಿಕಾರ ನಿಜವಾಗಿಯೂ ಕೈಬದಲಾಗುತ್ತದೆಯೇ ಎಂದು ಕೇಳಿದ್ದೀರಿ. ದೇಶದೊಳಗೆ ಇಲ್ಲ. ಹೊರಗಿರುವ ಆಸ್ತಿಯ ಮಟ್ಟಿಗೆ ಹೌದು, ಅದೂ ಅರ್ಧಂಬರ್ಧ. ವೆನೆಜುವೆಲಾದಲ್ಲಿ ಆದದ್ದು ಇಷ್ಟೇ.

2018ರ ಮೇ ತಿಂಗಳ ಚುನಾವಣೆಯನ್ನು ಪ್ರಮುಖ ವಿರೋಧ ಪಕ್ಷಗಳು ಬಹಿಷ್ಕರಿಸಿದ್ದವು. ಗೆದ್ದ ನಿಕೋಲಸ್ ಮಡುರೊ 2019ರ ಜನವರಿ 10ರಂದು ಮತ್ತೆ ಪ್ರಮಾಣವಚನ ಸ್ವೀಕರಿಸಿದರು. ಅಧ್ಯಕ್ಷ ಸ್ಥಾನ ಖಾಲಿಯಾದರೆ ಸಂಸತ್ತಿನ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳಬೇಕೆನ್ನುವ ಸಂವಿಧಾನದ 233ನೇ ವಿಧಿಯನ್ನು ಹಿಡಿದು, ಚುನಾವಣೆಯೇ ಸಿಂಧುವಲ್ಲ, ಹಾಗಾಗಿ ಸ್ಥಾನ ಖಾಲಿ ಎಂದು ವಾದಿಸಿ, ಆಗ ಸಂಸತ್ತಿನ ಅಧ್ಯಕ್ಷರಾಗಿದ್ದ ವಿರೋಧ ಪಕ್ಷದ ಹುವಾನ್ ಗ್ವೈಡೊ ಜನವರಿ 23ರಂದು ತಾನೇ ಹಂಗಾಮಿ ಅಧ್ಯಕ್ಷನೆಂದರು. ಅಮೆರಿಕ ಅಂದೇ ಒಪ್ಪಿತು. ಕ್ರಮೇಣ ಐವತ್ತಕ್ಕೂ ಹೆಚ್ಚು ದೇಶಗಳು ಒಪ್ಪಿದವು. ಅದೇ ವಿಧಿ ಮೂವತ್ತು ದಿನಗಳಲ್ಲಿ ಚುನಾವಣೆ ನಡೆಸಬೇಕೆಂದೂ ಹೇಳುತ್ತದೆ. ಆ ಭಾಗವನ್ನು ಯಾರೂ ಹೆಚ್ಚು ಎತ್ತಾಡಲಿಲ್ಲ.

ಮಾನ್ಯತೆಯ ಬೆಲೆ ಗೊತ್ತಾಗುವುದು ಲಂಡನ್ನಿನಲ್ಲಿ. ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ವೆನೆಜುವೆಲಾ ಇಟ್ಟಿದ್ದ ಸುಮಾರು 31 ಟನ್ ಚಿನ್ನವನ್ನು, ಕೋವಿಡ್ ಖರ್ಚಿಗೆ ಬೇಕು ಎಂದು 2020ರಲ್ಲಿ ಮಡುರೊ ಕಡೆಯವರು ಕೇಳಿದರು. ಕೊಡಬೇಡಿ ಎಂದು ಗ್ವೈಡೊ ಕಡೆಯವರು ತಡೆದರು. ವೆನೆಜುವೆಲಾದ ಒಂದೇ ಕೇಂದ್ರೀಯ ಬ್ಯಾಂಕಿಗೆ ಎರಡು ಆಡಳಿತ ಮಂಡಳಿಗಳು ಕೋರ್ಟಿನಲ್ಲಿ ಎದುರಾಬದುರು ನಿಂತವು. ಬ್ರಿಟನ್ ಗ್ವೈಡೊರನ್ನು ಒಪ್ಪಿದ್ದೇನೋ ನಿಜ, ಆದರೆ ವೆನೆಜುವೆಲಾ ರಾಜಧಾನಿ ಕರಾಕಸ್‌ನಲ್ಲಿ ತನ್ನ ರಾಯಭಾರ ಕಚೇರಿಯನ್ನು ಮುಚ್ಚಿರಲಿಲ್ಲ. ಲಂಡನ್ನಿನಲ್ಲಿ ಮಡುರೊ ಕಡೆಯ ರಾಯಭಾರಿಯೂ ಇದ್ದರು. ಹಾಗಾದರೆ ನಿಜವಾಗಿ ಒಪ್ಪಿರುವುದು ಯಾರನ್ನು ಎಂದು ಮೇಲ್ಮನವಿ ನ್ಯಾಯಾಲಯ ಪ್ರಶ್ನಿಸಿತು. ಸಹಜ ಪ್ರಶ್ನೆಯೇ. ಆದರೆ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಈ ವಿಷಯದಲ್ಲಿ ಬ್ರಿಟನ್ ಸರ್ಕಾರದ ಹೇಳಿಕೆಯೇ ಅಂತಿಮ, ನ್ಯಾಯಾಲಯ ಅದರ ಹಿಂದೆ ಇಣುಕಬಾರದು ಎಂದಿತು. ಹಾಗೆಂದು ಚಿನ್ನ ಗ್ವೈಡೊ ಕೈಗೂ ಸೇರಲಿಲ್ಲ. ಅಮೆರಿಕದಲ್ಲಿ ವೆನೆಜುವೆಲಾ ಒಡೆತನದ ಸಿಟ್ಗೊ ತೈಲ ಸಂಸ್ಕರಣಾ ಕಂಪನಿಯ ಆಡಳಿತ ಮಾತ್ರ ಅವರು ನೇಮಿಸಿದವರಿಗೆ ಸಿಕ್ಕಿತು.

ಊರೊಳಗಿನ ಕಥೆಯೇ ಬೇರೆ. ಸೇನೆಯ ಮುಖ್ಯಸ್ಥರು ಮಡುರೊ ಪಕ್ಕದಿಂದ ಕದಲಲಿಲ್ಲ. 2019ರ ಏಪ್ರಿಲ್ 30ರ ಬೆಳಗಿನ ಜಾವ ಕೆಲವೇ ಸೈನಿಕರೊಂದಿಗೆ ಗ್ವೈಡೊ ಕರಾಕಸ್‌ನ ವಾಯುನೆಲೆಯ ಬಳಿ ದಂಗೆಗೆ ಕರೆಕೊಟ್ಟರು, ಅದು ಫಲಿಸಲಿಲ್ಲ. ವಲಸೆ ಹೋದ ಲಕ್ಷಾಂತರ ಜನರ ಪಾಸ್‌ಪೋರ್ಟ್ ಅವಧಿ ಮುಗಿದಾಗ, ಇನ್ನೂ ಐದು ವರ್ಷ ಚಾಲ್ತಿಯಲ್ಲಿರುತ್ತವೆ ಎಂದು ಗ್ವೈಡೊ ಕಡೆಯವರು ಆದೇಶ ಹೊರಡಿಸಿದರು. ಅಮೆರಿಕ ಅದನ್ನು ಮನ್ನಿಸಿತು. ಆದರೆ ಹೊಸದು ಬೇಕೆಂದರೆ ಮಡುರೊ ಸರ್ಕಾರದ ಕಚೇರಿಯೇ ಗತಿ, ಏಕೆಂದರೆ ಮುದ್ರಿಸುವ ಯಂತ್ರ ಇದ್ದದ್ದು ಅಲ್ಲಿ.

ಭಾರತ ಗ್ವೈಡೊರಿಗೆ ಮಾನ್ಯತೆ ಕೊಡಲಿಲ್ಲ. ವಿಶ್ವಸಂಸ್ಥೆಯ ಪೀಠವೂ ಮಡುರೊ ಸರ್ಕಾರದ್ದಾಗಿಯೇ ಉಳಿಯಿತು. ಕೊನೆಗೆ ಈ ಹಂಗಾಮಿ ಸರ್ಕಾರವನ್ನು ಮುಗಿಸಿದ್ದು ಮಡುರೊ ಅಲ್ಲ: 2022ರ ಡಿಸೆಂಬರ್ 30ರಂದು ವಿರೋಧ ಪಕ್ಷಗಳ ಶಾಸಕರೇ 72–29 ಮತಗಳಿಂದ ಅದನ್ನು ವಿಸರ್ಜಿಸಿದರು, ಆದರೆ ಹೊರದೇಶದ ಆಸ್ತಿ ನೋಡಿಕೊಳ್ಳುವ ಸಮಿತಿಯೊಂದನ್ನು ಉಳಿಸಿಕೊಂಡರು.