ಪಿಎಚ್.ಡಿ. ಆಯಿತು, ಕಾಯಂ ಹುದ್ದೆ ಸಿಗಲಿಲ್ಲ, ಮುಂದೇನು?

ಪ್ರಶ್ನೆ: ನಾನು ಬಂಗಾರಪೇಟೆ ತಾಲ್ಲೂಕಿನವಳು. ಕೋಲಾರ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಕುರಿತು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ ಮೂರು ವರ್ಷಗಳಾದವು. ಅಂದಿನಿಂದ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಕಾಯಂ ಹುದ್ದೆಯ ಸುಳಿವಿಲ್ಲ. ಪೋಸ್ಟ್‌ಡಾಕ್‌ಗೆಂದು (ಪಿಎಚ್.ಡಿ. ನಂತರದ ಸಂಶೋಧನೆಗೆ) ದೂರ ಹೋಗಲು ಮನೆಯ ಪರಿಸ್ಥಿತಿ ಬಿಡುತ್ತಿಲ್ಲ. ಎರಡು ಕಂಪನಿಗಳಿಗೆ ಅರ್ಜಿ ಹಾಕಿದೆ, ಉತ್ತರವೇ ಬರಲಿಲ್ಲ. ‘ಇಷ್ಟು ಓದಿ ಏನು ಬಂತು?’ ಎಂದು ಅಮ್ಮ ಕೇಳಿದರೆ ಹೇಳಲು ನನ್ನಲ್ಲಿ ಮಾತಿಲ್ಲ. ಸಂಶೋಧನೆ, ಬೋಧನೆ ಎರಡನ್ನೂ ಬಿಟ್ಟು ನನ್ನಂಥವರಿಗೆ ಬೇರೆ ದಾರಿಗಳಿವೆಯೇ? ನನ್ನ ರೆಸ್ಯೂಮೆಯನ್ನೂ ಜೊತೆಗಿರಿಸಿದ್ದೇನೆ.
– ಹೆಸರು ಬೇಡ, ಬಂಗಾರಪೇಟೆ

ಉತ್ತರ: ನಿಮ್ಮ ರೆಸ್ಯೂಮೆಯನ್ನು ಎರಡು ಸಲ ಓದಿದೆ. ಮೊದಲ ಪುಟದಲ್ಲಿ ಪ್ರಬಂಧದ ಶೀರ್ಷಿಕೆ, ಪ್ರಕಟವಾದ ಲೇಖನಗಳು. ಎರಡನೆಯದರಲ್ಲಿ ಭಾಗವಹಿಸಿದ ವಿಚಾರಸಂಕಿರಣಗಳು. ಮೂರನೆಯ ಪುಟದ ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ‘ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಬಳಕೆ ತಿಳಿದಿದೆ’ ಎಂಬ ಒಂದು ಸಾಲು. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಅಳೆಯುವ ಉಪಕರಣವದು. ಕೆಲಸ ಕೊಡುವವರು ಹುಡುಕುವುದು ಆ ಕೊನೆಯ ಸಾಲನ್ನು. ಪ್ರತಿದಿನ ಬೆಳಿಗ್ಗೆ ಗೊತ್ತಿರುವ ಪ್ರಮಾಣದ ದ್ರಾವಣಗಳಿಂದ ಉಪಕರಣವನ್ನು ಸರಿಹೊಂದಿಸಿ, ನೀರಿನ ಮಾದರಿಗೆ ಬಫರ್ ಎಂಬ ದ್ರಾವಣ ಬೆರೆಸಿ ಅಲ್ಯೂಮಿನಿಯಂ, ಕಬ್ಬಿಣಗಳೊಡನೆ ಸೇರಿಕೊಂಡಿರುವ ಫ್ಲೋರೈಡನ್ನು ಬಿಡಿಸಿ, ಅಳೆದು, ಅನುಮಾನ ಬಂದ ಫಲಿತಾಂಶವನ್ನು ಮತ್ತೆ ಪರೀಕ್ಷಿಸಿ ದಾಖಲೆ ಪುಸ್ತಕದಲ್ಲಿ ಬರೆದಿಟ್ಟವರು ನೀವು. ಎಷ್ಟು ಮಾದರಿ, ಎಷ್ಟು ಊರು, ಎಷ್ಟು ವರ್ಷ ಎಂಬುದನ್ನು ಅಂಕಿಗಳಲ್ಲಿ ಮೊದಲ ಪುಟಕ್ಕೆ ತನ್ನಿ. ಲೇಖನಗಳ ಪಟ್ಟಿ ಹಿಂದಕ್ಕೆ ಹೋಗಲಿ.

ಈ ಕೆಲಸಕ್ಕೆ ನೇರವಾಗಿ ಬೆಲೆಯಿರುವುದು ಪರೀಕ್ಷಾ ಪ್ರಯೋಗಾಲಯಗಳಲ್ಲಿ. ನೀರು, ಆಹಾರ, ಮಣ್ಣು ಪರೀಕ್ಷಿಸುವ ಖಾಸಗಿ ಪ್ರಯೋಗಾಲಯಗಳು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆಯಬೇಕಾದರೆ ಐಎಸ್‌ಒ/ಐಇಸಿ 17025 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ನಡೆಯಬೇಕು. ಪ್ರತಿ ವರದಿಗೂ ಅರ್ಹತೆ, ಅನುಭವವುಳ್ಳ ಅಧಿಕೃತ ಸಹಿದಾರರೊಬ್ಬರು ಜವಾಬ್ದಾರರಾಗಬೇಕು. ಆ ಸಹಿಯ ಹಂತಕ್ಕೆ ಏರಲು ನಿಮಗೆ ಬೇರೆ ಪದವಿ ಬೇಡ, ಮಾನದಂಡವನ್ನು ಕೂತು ಓದುವ ತಾಳ್ಮೆ ಬೇಕು. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಹೇಳುವ ಫ್ಲೋರೈಡ್ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಎಂಬುದು ನಿಮಗೆ ಬಾಯಿಪಾಠವಿರುತ್ತದೆ. 17025 ಕೂಡ ಹಾಗೆಯೇ ಆಗಬೇಕು. ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ನಿಮಗೆ ಹತ್ತಿರ. ಅಲ್ಲಿನ ಕಾರ್ಖಾನೆಗಳ ಗುಣಮಟ್ಟ ವಿಭಾಗ ಮತ್ತು ತ್ಯಾಜ್ಯನೀರು ಸಂಸ್ಕರಣಾ ಘಟಕಗಳಲ್ಲೂ ಪ್ರಯತ್ನಿಸಿ. ಆರಂಭದ ಹುದ್ದೆಯ ಹೆಸರು ನಿಮ್ಮ ಪದವಿಗೆ ಚಿಕ್ಕದೆನಿಸಬಹುದು. ಅದೊಂದೇ ಕಾರಣಕ್ಕೆ ಬಿಡಬೇಡಿ.

ಎರಡನೆಯದು ಪೇಟೆಂಟ್ ಕೆಲಸ, ಅಂದರೆ ಹೊಸ ಆವಿಷ್ಕಾರದ ಮೇಲಿನ ಹಕ್ಕು ಪಡೆಯಲು ನೆರವಾಗುವುದು. ನಮ್ಮ ಕಡೆಯ ವಿಜ್ಞಾನ ಪದವೀಧರರಲ್ಲಿ ಬಹಳ ಮಂದಿಗೆ ಇದರ ಪರಿಚಯವೇ ಇಲ್ಲವೆಂಬುದು ನನಗೆ ನೋವಿನ ಸಂಗತಿ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ, 21 ವರ್ಷ ತುಂಬಿದ, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯಿರುವ ಭಾರತೀಯರು ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು. ಕಾನೂನು ಪದವಿ ಕಡ್ಡಾಯವಲ್ಲ. ಎರಡು ಪತ್ರಿಕೆಗಳು, ಬಳಿಕ ಮೌಖಿಕ ಪರೀಕ್ಷೆ. ಪ್ರತಿ ಪತ್ರಿಕೆಯಲ್ಲಿ ಶೇ. 50, ಒಟ್ಟಾರೆ ಶೇ. 60 ಅಂಕ ಬೇಕು. ಪರೀಕ್ಷೆ ಪ್ರತಿವರ್ಷವೂ ತಪ್ಪದೆ ನಡೆಯುವುದಿಲ್ಲವಾದ್ದರಿಂದ ಅದಕ್ಕಾಗಿಯೇ ಕಾದು ಕೂರಬೇಡಿ. ಹೊಸದೆಂದು ಹೇಳಿಕೊಂಡ ಆವಿಷ್ಕಾರ ನಿಜಕ್ಕೂ ಹೊಸದೇ ಎಂದು ಹಳೆಯ ದಾಖಲೆಗಳಲ್ಲಿ ಹುಡುಕುವ ಕೆಲಸಕ್ಕೆ ಪರೀಕ್ಷೆ ಪಾಸಾಗದವರನ್ನೂ ತೆಗೆದುಕೊಳ್ಳುತ್ತಾರೆ. ಪ್ರಬಂಧದ ಎರಡನೆಯ ಅಧ್ಯಾಯಕ್ಕಾಗಿ ನೂರಾರು ಲೇಖನಗಳನ್ನು ಜಾಲಾಡಿದವರಿಗೆ ಇದು ಕೈಗೆ ಕೂಡಿ ಬಂದ ಕೆಲಸ. ಬೆಂಗಳೂರಿನಲ್ಲಿ ಇಂಥ ಕಚೇರಿಗಳಿವೆ. ಬಂಗಾರಪೇಟೆಯಿಂದ ರೈಲಿನಲ್ಲಿ ಸುಮಾರು 70 ಕಿಲೋಮೀಟರು, ದಿನವೂ ಹೋಗಿ ಬರುವವರನ್ನು ನೀವೇ ನೋಡಿರುತ್ತೀರಿ.

ಡೇಟಾ ಸೈನ್ಸ್ ಕೋರ್ಸಿಗೆ ಸಾಲ ಮಾಡಿ ಸೇರುವ ಯೋಚನೆ ಇದ್ದರೆ ಸದ್ಯಕ್ಕೆ ಬೇಡ. ಕೈಯಲ್ಲಿರುವ ವಿದ್ಯೆಗೆ ಬೇಡಿಕೆಯಿರುವಾಗ ಮತ್ತೆ ಮೊದಲಿನಿಂದ ಶುರುಮಾಡುವುದು ಸರಿಯಲ್ಲ.

ಇನ್ನೊಂದು ದಾರಿ ನಮ್ಮ ಜಿಲ್ಲೆಗೇ ಅಗತ್ಯವಾದದ್ದು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆ ನೀರು ಕೊಳವೆಬಾವಿಗೆ ಇಳಿದರೆ ಏನಾಗುತ್ತದೆ, ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ ಎಂದು ಕೇಳುವ ರೈತರಿಗೆ ಕನ್ನಡದಲ್ಲಿ, ಹೆದರಿಸದೆ, ಮುಚ್ಚಿಡದೆ ಉತ್ತರಿಸಬಲ್ಲವರು ಬೇಕು. ನೀರು ಮತ್ತು ಆರೋಗ್ಯದ ಮೇಲೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು, ವಿಜ್ಞಾನ ಬರಹದ ತಂಡಗಳು ಅರ್ಜಿಯೊಡನೆ ಬರವಣಿಗೆಯ ಮಾದರಿ ಕೇಳುತ್ತವೆ. ನಿಮ್ಮೂರಿನ ಕೊಳವೆಬಾವಿಯ ಫಲಿತಾಂಶವನ್ನು ಒಂದೇ ಪುಟದಲ್ಲಿ, ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ ಎಂಬುದನ್ನೂ ಸೇರಿಸಿ, ಅಮ್ಮನಿಗೆ ತಿಳಿಯುವಂತೆ ಬರೆಯಿರಿ. ಮೊದಲು ಅವರಿಗೇ ಓದಿ ಹೇಳಿ, ಅವರು ತಡೆದು ಕೇಳಿದ ಕಡೆಯಲ್ಲೆಲ್ಲ ತಿದ್ದಿ, ಬಳಿಕ ಆ ಪುಟವನ್ನೇ ಅರ್ಜಿಗೆ ಲಗತ್ತಿಸಿ.