ಟ್ರಂಪ್‌ಗೆ ವೋಟು ಹಾಕಿದ ಅಯೋವಾದ ಸಣ್ಣ ಊರಲ್ಲಿ ಮನೆ ಮಾಡಬಹುದೇ?

ಗಂಡನ ಕೆಲಸ ಕೆಂಪು ಕೌಂಟಿಯಲ್ಲಿ, ಅಂದರೆ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ ಗೆದ್ದ ಜಿಲ್ಲೆಯಲ್ಲಿ, ಮನೆ ಮಾತ್ರ ಡೆಮಾಕ್ರಟರು ಗೆದ್ದ ದೂರದ ನೀಲಿ ಕೌಂಟಿಯಲ್ಲಿ ಮಾಡೋಣವೇ ಅಂತ ಕೇಳಿದ್ದೀರಿ. ಓದಿ ನಗು ಬಂತು, ಸಂಕಟವೂ ಆಯಿತು. 2018ರಲ್ಲಿ ಇದೇ ಲೆಕ್ಕ ಹಾಕಿದವನು ನಾನು.

ನನ್ನ ಹೆಂಡತಿ ಡಾಕ್ಟರ್. ಜೆ-1 ವೀಸಾದಲ್ಲಿ ರೆಸಿಡೆನ್ಸಿ, ಅಂದರೆ ಡಾಕ್ಟರುಗಳ ಆಸ್ಪತ್ರೆ ತರಬೇತಿ, ಮುಗಿಸಿದವರು ಎರಡು ವರ್ಷ ದೇಶಕ್ಕೆ ವಾಪಸ್ ಹೋಗಬೇಕು, ಇಲ್ಲದಿದ್ದರೆ ಡಾಕ್ಟರುಗಳ ಕೊರತೆ ಇರುವ ಕಡೆ ಮೂರು ವರ್ಷ ದುಡಿಯಬೇಕು. ಅವಳಿಗೆ ಸಿಕ್ಕಿದ್ದು ಅಯೋವಾ ರಾಜ್ಯದ ಹೋವರ್ಡ್ ಕೌಂಟಿಯ ಕ್ರೆಸ್ಕೊ ಊರು. ಇಡೀ ಕೌಂಟಿಗೆ ಸುಮಾರು 9,500 ಜನ. ಹಸಿರು ಕ್ರಾಂತಿಯ ನಾರ್ಮನ್ ಬೋರ್ಲಾಗ್ ಹುಟ್ಟಿದ್ದು ಈ ಊರಿನ ಹತ್ತಿರವೇ. ನಾನು ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರಿನವನು, ಹಾಗಾಗಿ ಮನೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಊರು ನೋಡುವ ಮೊದಲು ನಾನು ನೋಡಿದ್ದು 2016ರ ಚುನಾವಣೆಯ ಮ್ಯಾಪ್.

ಹೋವರ್ಡ್ ಕೆಂಪು. ಪಕ್ಕದ ವಿನೆಶೀಕ್ ಕೌಂಟಿಯೂ ಕೆಂಪು, ಅದನ್ನೂ ಕೈಬಿಟ್ಟೆ. ಉತ್ತರಕ್ಕೆ ರಾಜ್ಯದ ಗಡಿ ದಾಟಿದರೆ ಮಿನೆಸೋಟದ ರಾಚೆಸ್ಟರ್, ಓಲ್ಮ್‌ಸ್ಟೆಡ್ ಕೌಂಟಿ, ನೀಲಿ. ಹೆಸರಾಂತ ಆಸ್ಪತ್ರೆ ಮೇಯೋ ಕ್ಲಿನಿಕ್ ಇರುವ ಊರು, ನಮ್ಮ ಜನ ಇದ್ದಾರೆ, ದೇವಸ್ಥಾನ ಇದೆ. ಮನೆ ಹಿಡಿದೇಬಿಟ್ಟೆ. ಅಲ್ಲಿಂದ ಕ್ರೆಸ್ಕೊಗೆ ಸುಮಾರು 60 ಮೈಲಿ.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ, ಯಾಕೆಂದರೆ ನೀವೂ ಅದೇ ಮ್ಯಾಪ್ ನೋಡುತ್ತಿದ್ದೀರಿ. ಅದು ಗೆದ್ದವರ ಬಣ್ಣ ತೋರಿಸುತ್ತೆ, ಎಷ್ಟರಲ್ಲಿ ಗೆದ್ದರು ಅನ್ನೋದನ್ನಲ್ಲ. 2016ರಲ್ಲಿ ವಿನೆಶೀಕ್‌ನಲ್ಲಿ ಟ್ರಂಪ್ ಗೆದ್ದಿದ್ದು ಶೇ. 1ರ ಆಸುಪಾಸಿನ ಅಂತರದಲ್ಲಿ. ಓಲ್ಮ್‌ಸ್ಟೆಡ್‌ನಲ್ಲಿ ಹಿಲರಿ ಕ್ಲಿಂಟನ್ ಗೆದ್ದಿದ್ದೂ ಅಷ್ಟರಲ್ಲೇ. ಎರಡೂ ಕಡೆ ಎರಡು ಪಕ್ಷಗಳ ವೋಟು ಹೆಚ್ಚುಕಮ್ಮಿ ಸಮಸಮ. ಒಂದಕ್ಕೆ ಕೆಂಪು ಬಳಿದಿದ್ದರು, ಇನ್ನೊಂದಕ್ಕೆ ನೀಲಿ. ಅದೂ ಹೋಗಲಿ, ಕೌಂಟಿಯ ಬಣ್ಣವೇ ಊರಿನ ಬಣ್ಣ ಅಲ್ಲ. ವಿನೆಶೀಕ್‌ನ ಡೆಕೋರಾದಲ್ಲಿ ಲೂಥರ್ ಕಾಲೇಜಿದೆ, ಊರು ಡೆಮಾಕ್ರಟರ ಕಡೆ. ಸುತ್ತಲಿನ ಹಳ್ಳಿಗಳ ವೋಟು ಸೇರಿದಾಗ ಕೌಂಟಿ ಕೆಂಪಾಗುತ್ತೆ. ಪ್ರಿಸಿಂಕ್ಟ್‌ವಾರು, ಅಂದರೆ ನಮ್ಮ ಬೂತ್‌ವಾರು ಫಲಿತಾಂಶ ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು, ನಾನು ನೋಡಲಿಲ್ಲ. ಡೆಕೋರಾದಿಂದ ಕ್ರೆಸ್ಕೊಗೆ 20 ಮೈಲಿ ಅಷ್ಟೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ.

ದಂಡ ತೆತ್ತವಳು ನನ್ನ ಹೆಂಡತಿ, ಆ 60 ಮೈಲಿ ಓಡಾಡಿದ್ದು ಅವಳೇ. ಹೈವೇ 63ರಲ್ಲಿ ಹೊಸದಾಗಿ ಹಿಮ ಬೀಳಲೇಬೇಕಂತಿಲ್ಲ. ಹೊಲದಲ್ಲಿ ಬಿದ್ದಿರುವುದನ್ನೇ ಗಾಳಿ ಎತ್ತಿಕೊಂಡು ಬಂದು ರಸ್ತೆ ಮುಚ್ಚುತ್ತೆ. ಮುಂದಿನ ಗಾಡಿಯ ಹಿಂದೀಪ ಒಮ್ಮೆ ಕಾಣುತ್ತೆ, ಒಮ್ಮೆ ಇಲ್ಲ. ಸ್ಪ್ರಿಂಗ್ ವ್ಯಾಲಿ ದಾಟಿದ ಮೇಲೆ ಒಂದು ಬೆಳಗ್ಗೆ ಕಾರು ಗಿರ್ರನೆ ತಿರುಗಿ ಹಳ್ಳಕ್ಕಿಳಿಯಿತು. ಅವಳಿಗೆ ಏನೂ ಆಗಲಿಲ್ಲ, ಕಾರು ಗುಜರಿಗೆ ಹೋಯಿತು. ಆನ್‌ಕಾಲ್ (ಕರೆದಾಗ ಆಸ್ಪತ್ರೆಗೆ ಹೋಗಬೇಕಾದ ಪಾಳಿ) ಇದ್ದ ರಾತ್ರಿ ಕ್ರೆಸ್ಕೊದಲ್ಲೇ ಮಲಗುತ್ತಿದ್ದಳು, ಇಲ್ಲಿ ಮಗಳು ಅಮ್ಮ ಬೇಕು ಅಂತ ರಚ್ಚೆ. ಸಾಲದ್ದಕ್ಕೆ ಎರಡು ರಾಜ್ಯಕ್ಕೂ ಟ್ಯಾಕ್ಸ್ ರಿಟರ್ನ್, ಯಾಕೆಂದರೆ ಅಯೋವಾ-ಮಿನೆಸೋಟ ನಡುವೆ ತೆರಿಗೆ ಒಪ್ಪಂದ ಇಲ್ಲ.

ಕೊನೆಗೆ ಕ್ರೆಸ್ಕೊಗೇ ಬಂದೆವು. 2012ರಲ್ಲಿ ಡೆಮಾಕ್ರಟ್ ಪಕ್ಷದ ಒಬಾಮಾಗೆ ಶೇಕಡಾ 20 ಪಾಯಿಂಟಿಗೂ ಹೆಚ್ಚು ಅಂತರ ಕೊಟ್ಟು, 2016ರಲ್ಲಿ ಟ್ರಂಪ್‌ಗೂ 20ಕ್ಕಿಂತ ಹೆಚ್ಚು ಅಂತರ ಕೊಟ್ಟ ಕೌಂಟಿ ಇಡೀ ದೇಶದಲ್ಲಿ ಹೋವರ್ಡ್ ಒಂದೇ. ಒಬಾಮಾಗೆ ಎರಡು ಸಲ ಕೊಟ್ಟು ಆಮೇಲೆ ಟ್ರಂಪ್ ಕಡೆ ಹೊರಳಿದ ಕೌಂಟಿಗಳು ಅಯೋವಾದ 99ರಲ್ಲಿ 31. ಪಕ್ಕದ ಮನೆಯಲ್ಲಿ ನಿವೃತ್ತ ಲಾರಿ ಡ್ರೈವರ್ ಒಬ್ಬರಿದ್ದರು. ಮನೆ ಮುಂದಿನ ಮಂಜುಗಡ್ಡೆ ಮೇಲೆ ಉಪ್ಪು ಎರಚುತ್ತಾ, "ಎರಡು ಸಲ ಒಬಾಮಾಗೆ ಹಾಕಿದೆ. ಮಗ ರಾಜಧಾನಿ ಡೆಮೊಯಿನ್‌ಗೆ ಹೋದವನು ಹೋದ, ಇಲ್ಲಿ ಕೆಲಸ ಎಲ್ಲಿದೆ?" ಅಂದರು. 2016ರ ಆಮೇಲೆ ಇಲ್ಲಿನ ಜನ ಮನಸ್ಸು ಬದಲಾಯಿಸಿದರು ಅಂದುಕೊಳ್ಳಬೇಡಿ. 2020ರಲ್ಲಿ ಟ್ರಂಪ್ ಅಂತರ ಇನ್ನೂ ಏರಿತು, 2024ರಲ್ಲೂ ಅವರೇ ಗೆದ್ದರು.

ಆದರೆ ಅದೇ ಬ್ಯಾಲೆಟ್ ಕಾಗದವನ್ನು ಪೂರ್ತಿ ಓದಿ. ಅಧ್ಯಕ್ಷರ ಹೆಸರು ಮುಗಿದ ಮೇಲೆ, ಪಕ್ಷದ ಹೆಸರಿಲ್ಲದ ಸಾಲುಗಳಲ್ಲಿ, ಮಣ್ಣು-ನೀರು ಸಂರಕ್ಷಣೆ ಕಮಿಷನರ್, ಕೌಂಟಿ ಆಸ್ಪತ್ರೆ ಇದ್ದ ಕಡೆ ಅದರ ಟ್ರಸ್ಟಿಗಳು ಬರುತ್ತಾರೆ. ಆ ಆಸ್ಪತ್ರೆಗೆ ಜನರ ಆಸ್ತಿ ತೆರಿಗೆಯಿಂದಲೂ ಪಾಲು ಹೋಗುತ್ತೆ. ಮೇಲೆ ಟ್ರಂಪ್ ಹೆಸರಿಗೆ ಗುರುತು ಹಾಕಿದವರೇ ಕೆಳಗೆ ನನ್ನ ಹೆಂಡತಿಯಂಥವರನ್ನು ಕರೆಸುವ ಆಸ್ಪತ್ರೆ ನಡೆಸಲು ಆಳು ಆರಿಸುತ್ತಾರೆ. ಊರಲ್ಲಿ ನಿಜವಾಗಿ ಜಗಳ ಹತ್ತುವುದು ಶಾಲೆಯ ಬಾಂಡ್ ವಿಷಯಕ್ಕೆ, ಅಂದರೆ ಶಾಲೆ ಕಟ್ಟಡಕ್ಕೆ ಸಾಲ ಎತ್ತಲು ಜನ ಹಾಕುವ ವೋಟಿಗೆ. ಅಯೋವಾದಲ್ಲಿ ಅದು ಪಾಸಾಗಲು ಶೇ. 60 ಬೇಕು, 58 ಬಂದರೂ ಬಿದ್ದುಹೋಗುತ್ತೆ.

ಹಾಗಾಗಿ ಊರಿನ ವೋಟು ನೋಡಿ ಮನೆ ಹಿಡಿಯೋದನ್ನು ನಾನು ಒಪ್ಪಲ್ಲ. ನಿಮ್ಮ ವೀಸಾದ ತಲೆನೋವು ಬರುವುದು ವಾಷಿಂಗ್ಟನ್‌ನಿಂದ, ನೀಲಿ ಊರಲ್ಲಿದ್ದರೂ ಬರುತ್ತೆ. ಚುಚ್ಚು ಮಾತು ನಾವು ಎರಡೂ ಕಡೆ ಕೇಳಿದ್ದೇವೆ. ಗಂಡನ ಕೆಲಸಕ್ಕೆ ಹದಿನೈದು ನಿಮಿಷದ ದಾರಿಯಲ್ಲಿ ಮನೆ ಹಿಡಿಯಿರಿ.

ಇನ್ನೊಂದು, ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ಆಗಿ ಹೆಸರು ಸೇರಿಸಬೇಕಾ ಅಂತ ಕೇಳ್ತಾರೆ. ಕೆಲಸದ ಎಚ್-1ಬಿ ವೀಸಾ ಇರಲಿ, ಅವರ ಸಂಗಾತಿಯ ಎಚ್-4 ಇರಲಿ, ಗ್ರೀನ್ ಕಾರ್ಡೇ ಇರಲಿ, ಬೇಡ ಅನ್ನಿ. ಅಮೆರಿಕದ ಪ್ರಜೆ ಅನ್ನೋ ಜಾಗದಲ್ಲಿ ಟಿಕ್ ಹಾಕಿಬಿಟ್ಟರೆ ಅದು ಗಡೀಪಾರಿನವರೆಗೂ ಹೋಗಬಹುದು.