ಡೆಲಿಕ್ವೆಸೆಂಟ್ ಅಂದರೆ ಸುಮ್ನೆ ‘ಕರಗುವ’ ಅಂತ ಅರ್ಥವೇ?

ಐಸ್ ಕರಗುವುದಕ್ಕೂ ಡೆಲಿಕ್ವೆಸೆಂಟ್ ಅನ್ನಬಹುದಾ, ಹೈಗ್ರೋಸ್ಕೋಪಿಕ್ ಅಂದರೂ ಇದೇನಾ ಅಂತ ಕೇಳಿದ್ದೀರಿ. ರಸಾಯನ ವಿಜ್ಞಾನದಲ್ಲಾದರೆ ಎರಡಕ್ಕೂ ಇಲ್ಲ ಅನ್ನಬೇಕು.

ಈ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಕನ್ನಡವೇ. ಬೆಣ್ಣೆ ಬಿಸಿಗೆ ಕರಗುತ್ತದೆ, ಸಕ್ಕರೆ ನೀರಿನಲ್ಲಿ ಕರಗುತ್ತದೆ. ಎರಡಕ್ಕೂ ಒಂದೇ ಮಾತು. ಹಾಗಾಗಿ ‘ಕರಗುವ’ ಅಂತ ಓದಿದ ಕೂಡಲೇ ಐಸ್ ನೆನಪಾಗುವುದು ಸಹಜ. ಆದರೆ ಇಲ್ಲಿ ಬಿಸಿಗೆ ಕೆಲಸವೇ ಇಲ್ಲ. ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು, ಆ ನೀರಿನಲ್ಲೇ ತಾನು ಕರಗಿಹೋಗುವ ಘನವಸ್ತು ಡೆಲಿಕ್ವೆಸೆಂಟ್.

ನಾನು ಇದನ್ನು ಕಲಿತದ್ದು ಲ್ಯಾಬಿನಲ್ಲಿ, ಬೈಸಿಕೊಂಡು. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳನ್ನು ತೂಕಕ್ಕಿಟ್ಟು, ಅಂಕಿ ನಿಲ್ಲಲಿ ಅಂತ ಕಾಯುತ್ತಿದ್ದೆ. ಅದು ನಿಲ್ಲಲೇ ಇಲ್ಲ, ಚೂರುಚೂರೇ ಏರುತ್ತಿತ್ತು. ತಕ್ಕಡಿ ಕೆಟ್ಟಿದೆ ಅಂದುಕೊಂಡೆ. ಅಷ್ಟರಲ್ಲಿ ಪಕ್ಕಕ್ಕೆ ಉರುಳಿದ್ದ ಒಂದು ಗುಳಿಗೆಯ ಮೈ ಒದ್ದೆಯಾಗಿ ಹೊಳೆಯುತ್ತಿತ್ತು. ಕೊನೆಗೆ ಅಲ್ಲಿ ಉಳಿದದ್ದು ಒಂದು ಹನಿ.

ಹೈಗ್ರೋಸ್ಕೋಪಿಕ್ ಅನ್ನುವುದು ಇದಕ್ಕಿಂತ ದೊಡ್ಡ ಗುಂಪು. ತೇವ ಹೀರುವುದೆಲ್ಲ ಅದರಲ್ಲಿ ಬರುತ್ತದೆ: ಹತ್ತಿ, ಕಾಗದ, ಹೊಸ ಶೂ ಡಬ್ಬಿಯಲ್ಲಿರುವ ಸಿಲಿಕಾ ಜೆಲ್. ಜೆಲ್ ಎಷ್ಟು ಹೀರಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಗಲ್ಲ, ಹೀರುತ್ತಾ ಹೀರುತ್ತಾ ತಾನೇ ನೀರಾಗುತ್ತದೆ. ಬೀರುವಿನಲ್ಲಿಡುವ ತೇವ ಹೀರುವ ಡಬ್ಬಿಗಳ ತಳದಲ್ಲಿ ನೀರು ತುಂಬುವುದು ಸಾಮಾನ್ಯವಾಗಿ ಇದರಿಂದಲೇ.

ಇನ್ನು ಉಪ್ಪು. ಮಳೆಗಾಲದಲ್ಲಿ ಉಪ್ಪು ‘ನೀರು ಬಿಟ್ಕೊಂಡಿದೆ’ ಅನ್ನುತ್ತೇವಲ್ಲ, ನಿಜದಲ್ಲಿ ನಡೆಯುವುದು ಉಲ್ಟಾ. ಅದು ಬಿಟ್ಟದ್ದಲ್ಲ, ಕುಡಿದದ್ದು! ಇದಕ್ಕೊಂದು ಗಡಿಯೂ ಇದೆ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟುವವರೆಗೆ ಒಣಗಿಯೇ ಇರುತ್ತದೆ. ಮೆಗ್ನೀಸಿಯಂ ಕ್ಲೋರೈಡ್‌ಗೆ ಸುಮಾರು ಶೇ. 33 ಸಾಕು. ಉಪ್ಪಿನಲ್ಲಿ ಅದು ಸ್ವಲ್ಪ ಬೆರೆತಿದ್ದರೂ ಬೇಗ ಒದ್ದೆಯಾಗುವುದು ಅದಕ್ಕೇ. ಚಿಲಿಯ ಅಟಕಾಮ ಮರುಭೂಮಿಯಲ್ಲಿ ಇದೇ ಗುಣ ಜೀವ ಉಳಿಸುತ್ತದೆ. ಮಳೆಯೇ ಇಲ್ಲದಂಥ ಜಾಗದಲ್ಲಿ ಉಪ್ಪಿನ ಬಂಡೆಗಳು ಗಾಳಿಯಿಂದ ಎಳೆದುಕೊಂಡ ನೀರನ್ನು ನಂಬಿ, ಆ ಬಂಡೆಗಳ ಒಳಗೇ ಸೈನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಬದುಕಿವೆ. ಈ ಪದ ನನಗೆ ಇಷ್ಟವಾಗಿದ್ದೇ ಇದನ್ನು ಓದಿದ ಮೇಲೆ.

ಬಳಕೆಗೆ ಬಂದರೆ, ಡೆಲಿಕ್ವೆಸೆಂಟ್ ಗುಣವಾಚಕ, ಡೆಲಿಕ್ವೆಸೆನ್ಸ್ ನಾಮಪದ, ಡೆಲಿಕ್ವೆಸ್ ಕ್ರಿಯಾಪದ. ಮೂಲ ಲ್ಯಾಟಿನ್, ಅಲ್ಲಿ ಇದರ ಅರ್ಥ ಕರಗಿ ಹೋಗು ಅಂತಷ್ಟೇ. ಹಾಗಾಗಿ ಕವಿತೆಯಲ್ಲಿ ಯಾರಾದರೂ ಐಸ್‌ಗೆ ಬಳಸಿದರೆ ತಪ್ಪು ಹಿಡಿಯಬೇಡಿ. ಲ್ಯಾಬ್ ರೆಕಾರ್ಡಿನಲ್ಲಿ ಮಾತ್ರ ಹಾಗೆ ಬರೆಯಬೇಡಿ. ಉಪ್ಪಿನ ಮೇಲೆ ನೀರು ಸುರಿದು ಕರಗಿಸಿದರೂ ಅದು ಡೆಲಿಕ್ವೆಸೆನ್ಸ್ ಅಲ್ಲ. ನೀರು ಗಾಳಿಯಿಂದಲೇ ಬರಬೇಕು.

ಜೀವಶಾಸ್ತ್ರದಲ್ಲಿ ಲೆಕ್ಕ ಬೇರೆ. ಇಂಕ್ ಕ್ಯಾಪ್ ಅಣಬೆಗಳ ಕೊಡೆ ತನ್ನದೇ ಕಿಣ್ವಗಳಿಂದ ಕರಗಿ ಕಪ್ಪು ಶಾಯಿಯಂತೆ ತೊಟ್ಟಿಕ್ಕುತ್ತದೆ. ಅದಕ್ಕೂ ಇದೇ ಹೆಸರು. ಸಸ್ಯಶಾಸ್ತ್ರಜ್ಞರಂತೂ ಆಲದ ಮರವನ್ನೂ ಡೆಲಿಕ್ವೆಸೆಂಟ್ ಅನ್ನುತ್ತಾರೆ. ಸರ್ವೆ ಮರದ ಹಾಗೆ ಒಂದೇ ಕಾಂಡ ತುದಿಯವರೆಗೆ ನೆಟ್ಟಗೆ ಹೋಗದೆ, ಕೊಂಬೆಗಳಾಗಿ ಒಡೆದು ಅವುಗಳಲ್ಲೇ ಕಾಣೆಯಾಗುತ್ತದೆ, ಅದಕ್ಕೆ. ಅಲ್ಲಿ ಈ ಪದ ಸಿಕ್ಕರೆ ನೀರು ಹುಡುಕಬೇಡಿ.